ಹತ್ತನೆಯ ತರಗತಿಯ ನಂತರ ಯಾವ ವಿಷಯ?



ಬಿತ್ತುವುದಕ್ಕೆ ಮುಂಚೆ ನಾವು ಮಣ್ಣು ನೋಡುತ್ತೇವೆ, ನೀರಿನ ಅನುಕೂಲ ನೋಡುತ್ತೇವೆ. ಎರೆ ಭೂಮಿಗೆ ಒಗ್ಗುವ ಬೆಳೆಯನ್ನು ಮರಳು ಭೂಮಿಗೆ ಹಾಕುವುದಿಲ್ಲ. ಆದರೆ ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಇಷ್ಟು ವಿಚಾರ ಮಾಡುವವರು ಕಡಿಮೆ. ನೆರೆಮನೆಯ ಹುಡುಗ ಏನು ಓದಿದನೋ ನಮ್ಮ ಹುಡುಗನಿಗೂ ಅದೇ ಆಗಲಿ ಎನ್ನುತ್ತೇವೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ಯೋಚಿಸಲು ಕಾಲ ಸಾಲದು. ಈಗಲೇ ತಿಳಿದುಕೊಳ್ಳುವುದು ಲೇಸು.

ನನ್ನ ವಲಯದ ಒಂದು ಮನೆಯ ಸಂಗತಿ ಹೇಳುತ್ತೇನೆ. ಆ ಮನೆಯ ಹುಡುಗ ಎಳೆಯ ವಯಸ್ಸಿನಿಂದ ಹೊಲದಲ್ಲಿ ದುಡಿದವನು. ಎಲೆಯನ್ನು ನೋಡಿಯೇ ರೋಗ ಯಾವುದೆಂದು ಹೇಳುತ್ತಿದ್ದ. ಯಾರೋ ಹೇಳಿದರೆಂದು ತಂದೆ ಅವನಿಗೆ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ ಕೊಡಿಸಿದರು. ಎರಡು ವರ್ಷ ಕಳೆದ ಮೇಲೆ ಹುಡುಗ ನನ್ನ ಬಳಿಗೆ ಬಂದು, "ಅಣ್ಣಾ, ಬಿ.ಎಸ್‌ಸಿ. ಕೃಷಿ ಓದುತ್ತೇನೆ. ರೈತರ ಮಕ್ಕಳಿಗೆ ಮೀಸಲು ಸ್ಥಾನ ಉಂಟಂತಲ್ಲ?" ಎಂದು ಕೇಳಿದ. ಉಂಟು ನಿಜ. ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊಲದ ಅನುಭವವೇ ನೆರವಾಗುತ್ತದೆ. ಆದರೆ ಜೀವಶಾಸ್ತ್ರ ಓದಿರಬೇಕು. ಅವನು ಓದಿರಲಿಲ್ಲ.

ಮಣ್ಣಿನ ಮಾದರಿ ತೆಗೆಯಲು ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೆ. ಹುಡುಗ ಏನು ಓದುತ್ತಿದ್ದಾನೆಂದು ಒಂದು ಸಲವೂ ಕೇಳಿರಲಿಲ್ಲ. ಅದಕ್ಕೇ ಈ ಪಾಠ ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯ ನಂತರ ಮುಖ್ಯವಾಗಿ ಇರುವ ದಾರಿಗಳು ಇವು:

1. ಪಿ.ಯು.ಸಿ. ವಿಜ್ಞಾನ, 2 ವರ್ಷ. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಗಣಿತವಿದ್ದರೆ ಇಂಜಿನಿಯರಿಂಗ್‌ಗೆ ದಾರಿ. ಜೀವಶಾಸ್ತ್ರವಿದ್ದರೆ ವೈದ್ಯಕೀಯ, ಪಶುವೈದ್ಯಕೀಯಗಳಿಗೆ ದಾರಿ. ಗಣಿತ, ಜೀವಶಾಸ್ತ್ರ ಎರಡನ್ನೂ ಓದಿದವರಿಗೆ ಕೃಷಿ ಪದವಿಯೂ ಸೇರಿ ಹೆಚ್ಚು ಬಾಗಿಲುಗಳು ತೆರೆದಿರುತ್ತವೆ. ಓದಿನ ಭಾರವೂ ಹೆಚ್ಚು.

2. ಪಿ.ಯು.ಸಿ. ವಾಣಿಜ್ಯ, 2 ವರ್ಷ. ಲೆಕ್ಕಪತ್ರ, ಬ್ಯಾಂಕು, ವ್ಯಾಪಾರ, ಸಹಕಾರ ಸಂಘದ ಕೆಲಸಗಳಿಗೆ ಅನುಕೂಲ.

3. ಪಿ.ಯು.ಸಿ. ಕಲೆ, 2 ವರ್ಷ. ಇದನ್ನು ಕೀಳೆಂದು ಎಣಿಸಬಾರದು. ಯಾವುದೇ ವಿಷಯದ ಪದವಿ ಪಡೆದವರೂ ಕೆ.ಎ.ಎಸ್. ಪರೀಕ್ಷೆಗೆ ಕೂರಬಹುದು.

4. ಪಾಲಿಟೆಕ್ನಿಕ್ ಡಿಪ್ಲೊಮಾ, 3 ವರ್ಷ. ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು.

5. ಐ.ಟಿ.ಐ. ಎಲೆಕ್ಟ್ರಿಷಿಯನ್, ಫಿಟ್ಟರ್ 2 ವರ್ಷ. ವೆಲ್ಡರ್ 1 ವರ್ಷ. ಬೇಗ ದುಡಿಮೆಗೆ ನಿಲ್ಲಬೇಕಾದವರಿಗೆ ಒಳ್ಳೆಯದು.

6. ಕೃಷಿ ಡಿಪ್ಲೊಮಾ, 2 ವರ್ಷ. ಕೃಷಿ ವಿಶ್ವವಿದ್ಯಾನಿಲಯಗಳು ಕನ್ನಡದಲ್ಲೇ ಕಲಿಸುತ್ತವೆ. ನಾನು ಓದಿದ್ದೂ ಇದನ್ನೇ.

ಒಂದು ಮಾತು ನೆನಪಿರಲಿ. ವಿಜ್ಞಾನ ಓದಿದವರು ಮುಂದೆ ಬಿ.ಎ., ಬಿ.ಕಾಂ.ಗೆ ಬರಬಹುದು; ಕಲೆ, ವಾಣಿಜ್ಯ ಓದಿದವರು ಇಂಜಿನಿಯರಿಂಗ್‌ಗಾಗಲಿ ವೈದ್ಯಕೀಯಕ್ಕಾಗಲಿ ಹೋಗಲಾರರು. ಹಾಗೆಂದು ಎಲ್ಲರನ್ನೂ ವಿಜ್ಞಾನಕ್ಕೆ ನೂಕುವುದೂ ತಪ್ಪು. ಲೆಕ್ಕ ಹಿಡಿಸದ ಮಗುವನ್ನು ಅಲ್ಲಿ ಕೂರಿಸಿದರೆ ಎರಡು ವರ್ಷವೂ ಹೋಗುತ್ತದೆ, ಮಗುವಿನ ಧೈರ್ಯವೂ ಹೋಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ಇಲ್ಲವೆಂದು, ಗಣಿತದಲ್ಲಿ ಮುಂದಿರುವ ಹುಡುಗಿಗೂ ಅಲ್ಲಿ ಇದ್ದುದನ್ನೇ ಕೊಡಿಸುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚಿಲ್ಲ. ಬಸ್ಸಿನ ಹೊತ್ತು ವಿಚಾರಿಸಿರಿ. ದೂರವಾಯಿತೆಂದು ಮೊದಲೇ ಕೈಬಿಡಬೇಡಿರಿ.

ಅರ್ಜಿ ಬರೆಯುವ ಮುನ್ನ ಮಗುವನ್ನು ಹತ್ತಿರ ಕೂರಿಸಿಕೊಂಡು ಈ ಮೂರು ಪ್ರಶ್ನೆ ಕೇಳಿರಿ:

ನಿನಗೆ ಯಾವ ಪಾಠ ಬೇಸರವಿಲ್ಲದೆ ಹಿಡಿಸುತ್ತದೆ?
ಮುಂದೆ ಏನಾಗಬೇಕೆಂದಿದ್ದೀ?
ಅದಕ್ಕೆ ಬೇಕಾದ ವಿಷಯ ಈ ಕಾಲೇಜಿನಲ್ಲಿ ಉಂಟೆ?

ಮೂರನೆಯ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಶಾಲೆಯ ಮೇಷ್ಟ್ರನ್ನು ಕೇಳಿರಿ. ನಾನು ನಿಮ್ಮ ಹೊಲಕ್ಕೆ ಬಂದಾಗ ನನ್ನನ್ನೂ ಕೇಳಿರಿ. ಈ ಸಲ ನಾನೂ ಕೇಳದೆ ಬಿಡುವುದಿಲ್ಲ.