ಬ್ಯಾಟರಿ ರೇಡಿಯೋ ಯಂತ್ರದ ರಚನೆ ಮತ್ತು ರಕ್ಷಣೆ

1935ನೆಯ ಇಸವಿಯಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಎಂಬ ಬಾನುಲಿ ನಿಲಯವನ್ನು ಸ್ಥಾಪಿಸಿದರು. 1942ರಲ್ಲಿ ಸಂಸ್ಥಾನದ ಸರ್ಕಾರವು ಅದನ್ನು ವಹಿಸಿಕೊಂಡಿತು. ಆ ಕಾಲದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಪೈಕಿ ವಿದ್ಯುತ್ ತಂತಿ ಮುಟ್ಟದ ಗ್ರಾಮಗಳಲ್ಲಿ ರೇಡಿಯೋ ಕೇಳಲು ಬ್ಯಾಟರಿಯೇ ಆಧಾರವಾಗಿತ್ತು.

ಈ ಯಂತ್ರದ ಜೀವಾಳವು ವಾಲ್ವು. ಅದು ಗಾಳಿಯನ್ನು ಹೊರತೆಗೆದ ಗಾಜಿನ ಬುರುಡೆ. ಅದರೊಳಗೆ ಫಿಲಮೆಂಟ್ ಎಂಬ ಸೂಕ್ಷ್ಮವಾದ ತಂತಿಯೂ, ಪ್ಲೇಟ್ ಎಂಬ ತಗಡೂ, ಇವೆರಡರ ನಡುವೆ ಗ್ರಿಡ್ ಎಂಬ ತಂತಿಯ ಜಾಲವೂ ಇರುವುವು. ಫಿಲಮೆಂಟು ಕಾದಾಗ ಎಲೆಕ್ಟ್ರಾನುಗಳು ಹೊರಟು ಪ್ಲೇಟಿನ ಕಡೆಗೆ ಹರಿಯುವುವು. ಕೆರೆಯ ತೂಬನ್ನು ಕೊಂಚ ಎತ್ತಿಳಿಸಿದ ಮಾತ್ರಕ್ಕೆ ಕಾಲುವೆಯ ನೀರು ಹೆಚ್ಚುಕಡಿಮೆಯಾಗುವಂತೆ, ಗ್ರಿಡ್ಡಿಗೆ ಬಂದ ಅಲ್ಪ ಸಂಕೇತವು ಈ ದೊಡ್ಡ ಪ್ರವಾಹವನ್ನು ಆಳುವುದು.

ಯಂತ್ರಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಬ್ಯಾಟರಿಗಳು ಬೇಕಾಗಿದ್ದುವು:

1. ಫಿಲಮೆಂಟನ್ನು ಕಾಯಿಸಲು 2 ವೋಲ್ಟಿನ ಸೀಸ ಮತ್ತು ಆಮ್ಲದ ಬ್ಯಾಟರಿ.
2. ಪ್ಲೇಟಿಗೆ 90ರಿಂದ 120 ವೋಲ್ಟಿನ ಒಣ ಬ್ಯಾಟರಿ.
3. ಗ್ರಿಡ್ಡಿಗೆ ಕೆಲವೇ ವೋಲ್ಟಿನ ಸಣ್ಣ ಬ್ಯಾಟರಿ. ಇದು ಪ್ಲೇಟಿನ ಪ್ರವಾಹವು ವ್ಯರ್ಥವಾಗದಂತೆ ತಡೆಯುತ್ತಿತ್ತು.

ಮಿತವ್ಯಯವೇ ಈ ರಚನೆಯ ಮೂಲಸೂತ್ರ. ಪಟ್ಟಣದ ವಿದ್ಯುತ್ತಿನಿಂದ ನಡೆಯುವ 6.3 ವೋಲ್ಟು, 0.3 ಆಂಪಿಯರಿನ ವಾಲ್ವನ್ನು ಕಾಯಿಸಲು ಸುಮಾರು 1.9 ವಾಟು ಬೇಕು. 2 ವೋಲ್ಟು, 0.1 ಆಂಪಿಯರಿನ ಬ್ಯಾಟರಿ ವಾಲ್ವಿಗೆ 0.2 ವಾಟು ಸಾಕು. ಇಂಥ ನಾಲ್ಕು ವಾಲ್ವುಗಳು ಒಟ್ಟಿಗೆ 0.4 ಆಂಪಿಯರು ಎಳೆಯುವುದರಿಂದ, 40 ಆಂಪಿಯರ್-ಗಂಟೆಯ ಬ್ಯಾಟರಿಯು ಲೆಕ್ಕಕ್ಕೆ 100 ಗಂಟೆ ನಡೆಯುವುದು. ದಿನಕ್ಕೆ 3 ಗಂಟೆ ಕೇಳಿದರೆ ಸುಮಾರು ಒಂದು ತಿಂಗಳು.

ಈ ಮಿತವ್ಯಯಕ್ಕೆ ಎರಡು ಅಪಾಯಗಳಿದ್ದುವು. ಬ್ಯಾಟರಿಯು 1.8 ವೋಲ್ಟಿಗೆ ಇಳಿದೊಡನೆ ಅದನ್ನು ಚಾರ್ಜು ಮಾಡಿಸದೆ ಬಿಟ್ಟರೆ, ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಕಟ್ಟಿ ಬ್ಯಾಟರಿಯೇ ಕೆಡುತ್ತಿತ್ತು. ಆಮ್ಲದ ಮಟ್ಟ ತಗ್ಗಿದಾಗ ಬಾವಿಯ ನೀರನ್ನಲ್ಲ, ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದಾಗಿತ್ತು. ಎರಡನೆಯ ಅಪಾಯವು ಇನ್ನೂ ಘೋರವಾದುದು. 120 ವೋಲ್ಟಿನ ತಂತಿಯನ್ನು ಮರೆತು ಫಿಲಮೆಂಟಿಗೆ ಸೇರಿಸಿದರೆ ವಾಲ್ವುಗಳೆಲ್ಲ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತಿದ್ದುವು.

1947ರಲ್ಲಿ ಕಂಡುಹಿಡಿಯಲಾದ ಟ್ರಾನ್ಸಿಸ್ಟರಿಗೆ ಕಾಯಿಸುವ ತಂತಿಯೇ ಬೇಡವಾದುದರಿಂದ ಕ್ರಮೇಣ ಈ ಯಂತ್ರಗಳು ಮೂಲೆ ಸೇರಿದುವು. ಆದರೂ ಹಿರಿಯರ ಕಾಲದ ಯಂತ್ರವು ಯಾರ ಮನೆಯ ಅಟ್ಟದಲ್ಲಾದರೂ ಇದ್ದಲ್ಲಿ, ಅದನ್ನು ಗೋಡೆಯ ವಿದ್ಯುತ್ತಿಗೆ ಎಂದಿಗೂ ಸೇರಿಸಕೂಡದು. ಯಾವ ತಂತಿ ಯಾವ ಬ್ಯಾಟರಿಗೆ ಸೇರಿದ್ದೆಂಬುದನ್ನು ತಿಳಿದವರಿಂದ ಮೊದಲು ಗುರುತಿಸಿಕೊಳ್ಳತಕ್ಕದ್ದು.