ಮಧುಮೇಹವೂ ಒಳಕಿವಿಯೂ

ಮಧುಮೇಹವು ಕಣ್ಣು, ಮೂತ್ರಪಿಂಡ ಹಾಗೂ ಪಾದಗಳನ್ನು ಬಾಧಿಸುವುದೆಂಬ ಅರಿವು ಈಗ ಜನಸಾಮಾನ್ಯರಲ್ಲಿಯೂ ಇದೆ. ಕಿವಿಯ ವಿಷಯ ಮಾತ್ರ ಹಿಂದುಳಿದಿದೆ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮಧುಮೇಹಿಗಳಲ್ಲಿ ಶ್ರವಣದೋಷವು ಇತರರಿಗಿಂತ ಸುಮಾರು ಇಮ್ಮಡಿಯಾಗಿ ಕಂಡುಬಂದಿತು. ಭಾರತದ ಮಧುಮೇಹಿಗಳ ಸಂಖ್ಯೆ 10 ಕೋಟಿಗೂ ಮಿಗಿಲೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನವು ಅಂದಾಜು ಮಾಡಿರುವುದರಿಂದ ಇದು ಅಲಕ್ಷಿಸತಕ್ಕ ವಿಷಯವಲ್ಲ.

ಒಳಕಿವಿಯಲ್ಲಿ ಶಂಖದಂತೆ ಸುಮಾರು ಎರಡೂವರೆ ಸುತ್ತು ಸುರುಳಿಗೊಂಡ ನಾಳವೊಂದಿದೆ. ಅದರೊಳಗಿನ ರೋಮಕೋಶಗಳು ಶಬ್ದದ ಕಂಪನವನ್ನು ನರಸಂದೇಶವಾಗಿ ಮಾರ್ಪಡಿಸುತ್ತವೆ. ಒಳಕಿವಿಗೆ ರಕ್ತವನ್ನೊದಗಿಸುವುದು ಒಂದು ಕಿರುಧಮನಿ. ಅದು ಕಟ್ಟಿಕೊಂಡರೆ ಬದಲಿ ದಾರಿಯಿಲ್ಲ. ರಕ್ತದಲ್ಲಿ ಸಕ್ಕರೆಯು ವರ್ಷಾನುಗಟ್ಟಲೆ ಅಧಿಕವಾಗಿದ್ದರೆ ಲೋಮನಾಳಗಳ ಗೋಡೆ ದಪ್ಪವಾಗುತ್ತದೆ, ಶ್ರವಣನರವೂ ಸೊರಗುತ್ತದೆ. ನಾಶವಾದ ರೋಮಕೋಶಗಳು ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ.

ಸಾಮಾನ್ಯವಾಗಿ ಮೊದಲು ಕುಂದುವುದು ಉಚ್ಚಸ್ಥಾಯಿಯ ಧ್ವನಿಗಳ ಗ್ರಹಣ. ಮಾತು ಕೇಳಿಸುತ್ತದೆ, ಆದರೆ ಸ್ಫುಟವಾಗುವುದಿಲ್ಲ. ‘ಕಟ್ಟೆ’ ಎಂದರೋ ‘ತಟ್ಟೆ’ ಎಂದರೋ ತಿಳಿಯದು. ಮಾನೇಸರಿನಂತಹ ಊರಿನಲ್ಲಿ ನೆಲೆಸಿದ ಕನ್ನಡಿಗನಿಗೆ ಇಲ್ಲೊಂದು ವಿಶೇಷ ತೊಡಕುಂಟು. ಸುತ್ತಲಿನವರ ಹಿಂದಿ, ಹರಿಯಾಣವಿ ಅರ್ಥವಾಗದಿದ್ದಾಗ ಆತನು ತನ್ನ ಭಾಷಾಜ್ಞಾನವನ್ನು ದೂರುತ್ತಾನೆಯೇ ಹೊರತು ಕಿವಿಯನ್ನು ಶಂಕಿಸುವುದಿಲ್ಲ. ಮನೆಯವರ ಕನ್ನಡವೂ ಅಸ್ಪಷ್ಟವಾದಾಗಲೇ ಗುಟ್ಟು ಹೊರಬೀಳುವುದು. ಆ ವೇಳೆಗೆ ವರ್ಷಗಳು ಕಳೆದಿರುತ್ತವೆ. ವಾಹನೋದ್ಯಮಕ್ಕೆ ಹೆಸರಾದ ಈ ಕೈಗಾರಿಕಾ ನಗರದಲ್ಲಿ, ಲೋಹದ ಹಾಳೆಗಳನ್ನು ಒತ್ತುವ ಯಂತ್ರಗಳ ಬಳಿ ದುಡಿಯುವ ಮಧುಮೇಹಿಗೆ ಸದ್ದಿನ ಪೆಟ್ಟೂ ಸೇರುತ್ತದೆ. 85 ಡೆಸಿಬೆಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕಳೆಯುವವನು, ಸೆಕೆಯೆಂದು ಕಿವಿರಕ್ಷಕವನ್ನು ಕಳಚಿಡುವುದು ಬಹು ದುಬಾರಿಯ ಸುಖ.

ಒಳಕಿವಿಯ ಅರ್ಧವೃತ್ತ ನಾಳಗಳು ದೇಹದ ಸಮತೋಲನಕ್ಕೂ ಆಧಾರ. ಪಾದಗಳು ಜೋಮು ಹಿಡಿದು, ದೃಷ್ಟಿಯೂ ಮಂದವಾಗಿರುವ ವೃದ್ಧರಲ್ಲಿ ಇದೂ ಕೆಟ್ಟರೆ ಕತ್ತಲಲ್ಲಿ ಮುಗ್ಗರಿಸುವ ಭಯ ಹೆಚ್ಚು. ಆದರೆ ತಲೆಸುತ್ತೆಲ್ಲವೂ ಕಿವಿಯದಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಸೇವಿಸುವವರು ಮೊದಲು ರಕ್ತದ ಸಕ್ಕರೆ ತೀರ ಇಳಿದಿದೆಯೇ ಎಂದು ನೋಡತಕ್ಕದ್ದು.

ಮಧುಮೇಹ ಪತ್ತೆಯಾದಾಗಲೇ ಒಮ್ಮೆ ಆಡಿಯೋಮೀಟರಿನಿಂದ ಶ್ರವಣಪರೀಕ್ಷೆ ಮಾಡಿಸಿಟ್ಟುಕೊಂಡರೆ ಮುಂದಿನ ಹೋಲಿಕೆಗೆ ಅನುಕೂಲ. ರಜೆಯಲ್ಲಿ ಊರಿಗೆ ಹೋಗುವವರಿಗೆ, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಉಂಟು. ಒಂದು ಕಿವಿ ಹಠಾತ್ತನೆ ಮಂದವಾದರೆ ಮಾತ್ರ ರಜೆಗೆ ಕಾಯಬಾರದು. ಅಂದೇ ಕಿವಿತಜ್ಞರನ್ನು ಕಾಣಬೇಕು. ಅದಕ್ಕೆ ಕೊಡುವ ಸ್ಟೀರಾಯ್ಡ್ ಔಷಧವು ರಕ್ತದ ಸಕ್ಕರೆಯನ್ನು ಏರಿಸುವುದರಿಂದ, ತನಗೆ ಮಧುಮೇಹವಿದೆಯೆಂದು ರೋಗಿಯು ಮೊದಲೇ ತಿಳಿಸತಕ್ಕದ್ದು.