ಹಿತ್ತಲಿನ ಮುಸುಕಿನ ಜೋಳದಲ್ಲಿ ಕಾಳು ತುಂಬುವ ಬಗೆ

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ನಮ್ಮ ಹಳ್ಳಿಗಳಲ್ಲಿ ಹಿತ್ತಲ ಬೇಲಿಯಂಚಿಗೆ ಒಂದೇ ಸಾಲು ಮುಸುಕಿನ ಜೋಳ ಹಾಕುವವರುಂಟು. ಗಿಡವೇನೋ ಆಳೆತ್ತರ ಬೆಳೆಯುವುದು. ಮುಸುಕು ಬಿಚ್ಚಿದರೆ ಅಲ್ಲೊಂದು ಇಲ್ಲೊಂದು ಕಾಳು! ಗೊಬ್ಬರ ಸಾಲದೆಂದು ಹಲವರು ತಿಳಿಯುವರು. ಕಾರಣ ಹೆಚ್ಚಾಗಿ ಬೇರೆಯೇ ಇರುವುದು.

ಈ ಗಿಡದ ಗಂಡು ಹೂ ತುದಿಯಲ್ಲಿ, ಹೆಣ್ಣು ಹೂ ನಡುವಿನ ತೆನೆಯಲ್ಲಿ. ತೆನೆಯಿಂದ ಇಳಿಬಿದ್ದ ರೇಷ್ಮೆಯಂಥ ಒಂದೊಂದು ಎಳೆಗೂ ಒಂದೊಂದು ಕಾಳು. ಎಳೆಗೆ ಪರಾಗ ತಗಲದಿದ್ದರೆ ಆ ಕಾಳು ಕಟ್ಟದು. ಪರಾಗವನ್ನು ಒಯ್ಯುವುದು ಗಾಳಿ. ಒಂದೇ ಸಾಲಾದರೆ ಪರಾಗ ಬಹುಪಾಲು ಬೇಲಿಯಾಚೆ ಹಾರಿಹೋಗುವುದು. ಆದುದರಿಂದ ಉದ್ದ ಸಾಲು ಬಿಟ್ಟು ಚೌಕ ಮಡಿ ಮಾಡತಕ್ಕದ್ದು.

10 ಅಡಿ ಅಗಲ, 8 ಅಡಿ ಉದ್ದದ ಬಿಸಿಲು ಬೀಳುವ ಜಾಗ ಸಾಕು. ನಾಲ್ಕೈದು ಮಂಕರಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಅಗೆಯಿರಿ. 2 ಅಡಿಗೊಂದರಂತೆ 5 ಸಾಲು, ಸಾಲಿನಲ್ಲಿ ಅಡಿಗೊಂದು ಗುಣಿ. ಒಟ್ಟು 40 ಗಿಡ. ಗುಣಿಗೆ ಎರಡು ಬೀಜ, ಒಂದೂವರೆ ಅಂಗುಲ ಆಳ. ಮೊಳೆತ ಮೇಲೆ ಸೊಂಪಾದುದೊಂದನ್ನು ಉಳಿಸಿ. ಮುಂಗಾರಿನಲ್ಲಿ, ಜೂನ್ ಕಡೆಯಿಂದ ಜುಲೈ ನಡುವಿನೊಳಗೆ ಬಿತ್ತುವುದು ಲೇಸು.

ನಮ್ಮ ಕಡೆಯ ಅಂಗಡಿಗಳಲ್ಲಿ ಬೀಜದ ಪೊಟ್ಟಣದ ಮೇಲೆ ತಮಿಳಿನಲ್ಲಿ 'ಮಕ್ಕಾಚ್ಚೋಳಂ' ಎಂದಿರುವುದು. ಅದೇ ನಮ್ಮ ಮುಸುಕಿನ ಜೋಳ. ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ. ಮಕ್ಕಳ ಕೈಗೆ, ಕೋಳಿಗೆ ಸಿಗಬಾರದು. ಹೈಬ್ರಿಡ್ ತೆನೆಯ ಕಾಳನ್ನು ಮುಂದಿನ ಬಿತ್ತನೆಗೆ ಎತ್ತಿಡಬೇಡಿ. ತಾಯಿಗಿಡದ ಗುಣ ಹಾಗೆಯೇ ಬರದು.

ತಿಂಗಳಾದಾಗ ಕಳೆ ತೆಗೆದು, ಮೇಲುಗೊಬ್ಬರ ಕೊಟ್ಟು, ಬುಡಕ್ಕೆ ಮಣ್ಣೇರಿಸಿ. ನೀರು ನಿಲ್ಲಗೊಡಬೇಡಿ. ಆದರೆ ಹೂ ಬರುವಾಗ, ರೇಷ್ಮೆ ಇಳಿಯುವಾಗ ಮಾತ್ರ ನೀರು ತಪ್ಪಬಾರದು. ಆ ದಿನಗಳ ಒಣಗು ಕಾಳಿಗೆ ಕೇಡು.

ಇನ್ನೊಂದು ಶತ್ರು ಫಾಲ್ ಸೈನಿಕ ಹುಳು. ಅಮೆರಿಕ ಮೂಲದ ಈ ಪೀಡೆ 2018ರಲ್ಲಿ ಭಾರತದಲ್ಲಿ ಮೊದಲು ಕಂಡದ್ದು ಕರ್ನಾಟಕದಲ್ಲಿಯೇ. ಅದೇ ವರ್ಷ ತಮಿಳುನಾಡಿಗೂ ಹಬ್ಬಿತು. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ, ಎಲೆಯಲ್ಲಿ ತೂತು ಕಂಡರೆ ಹುಳು ಒಳಗಿದೆಯೆಂದು ತಿಳಿಯಿರಿ. ಹಿತ್ತಲಿನ ತೆನೆಯನ್ನು ಮಕ್ಕಳು ತಿನ್ನುವರು. ಘೋರ ವಿಷದ ಗೊಡವೆ ಬೇಡ. ದಿನವೂ ಬೆಳಿಗ್ಗೆ ನೋಡಿ, ಎಲೆಗಂಟಿದ ಮೊಟ್ಟೆಯ ಗುಂಪನ್ನು ಹೊಸಕಿಹಾಕಿ. ಸುಳಿಗೆ ಚಿಟಿಕೆ ಒಣ ಮರಳು ಉದುರಿಸಿ. ಬೇವಿನ ಬೀಜದ ಕಷಾಯವೂ ಎಳೆ ಹುಳುವಿಗೆ ಆಗುವುದು.

ರೇಷ್ಮೆ ಕಾಣಿಸಿದ ಸುಮಾರು 20 ದಿನಕ್ಕೆ ಎಳೆಗಳು ಕಂದಾಗುವುವು. ಕಾಳನ್ನು ಉಗುರಿನಿಂದ ಒತ್ತಿದಾಗ ಹಾಲು ಬಂದರೆ ಸುಡಲು, ಬೇಯಿಸಲು ಹದ. ಮುರಿದ ದಿನವೇ ತಿಂದರೆ ಸಿಹಿ ಹೆಚ್ಚು. ಇಟ್ಟಷ್ಟೂ ಸಕ್ಕರೆ ಪಿಷ್ಟವಾಗುವುದು. ತೆನೆ ಮುರಿದ ಹಸಿ ದಂಟನ್ನು ಕತ್ತರಿಸಿ ಹಸುವಿಗೆ ಹಾಕಿ.

ಈ ಮುಂಗಾರಿಗೆ ಬೇಲಿಯ ಸಾಲನ್ನು ಬಿಟ್ಟು ಚೌಕ ಮಡಿ ಹಾಕಿ ನೋಡಿರಿ.